ಸ್ವಾಮಿಯೋ, ತೊತ್ತೋಚಾನೋ? ಬೆಳೆಯುವ ಮಕ್ಕಳ ಕಥೆಯಿಂದ ಪದವನ್ನೂ ಓದನ್ನೂ ಕಲಿಸುವವರಿಗೆ

ಐದರಿಂದ ಎಂಟನೇ ತರಗತಿವರೆಗಿನ ಮಕ್ಕಳಿಗೆ ಪಠ್ಯಪುಸ್ತಕದ ಆಚೆಗೊಂದು ಕಥೆ ಓದಿಸಲು ಹೊರಟ ಮೇಷ್ಟ್ರು, ಟೀಚರು, ಅಪ್ಪ-ಅಮ್ಮ ಎಲ್ಲರಿಗೂ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಇಡೀ ಕಾದಂಬರಿ ಹಿಡಿಯುವುದೋ, ಸಣ್ಣ ಕಥೆ ಸಾಕೋ? ಕಷ್ಟದ ಪದಗಳನ್ನು ಮೊದಲೇ ಹೇಳಿಬಿಡುವುದೋ, ಓದುತ್ತಾ ಹೇಳುವುದೋ? ನಾವು ಓದಿ ಹೇಳುವುದೋ, ಅವರೇ ಓದಿಕೊಳ್ಳಲಿ ಅಂತ ಬಿಡುವುದೋ?

ಬಾಲ್ಯ ದಾಟಿ ಹರೆಯದ ಹೊಸ್ತಿಲಿಗೆ ಬರುವ ಮಗುವಿನ ಕಥೆಯಾದರೆ ಈ ಆಯ್ಕೆಗಳಿಗೆ ಇನ್ನಷ್ಟು ತೂಕ ಬರುತ್ತದೆ. ಪತ್ತೇದಾರಿ ಕಥೆಯಲ್ಲಿ ಕಳ್ಳ ಯಾರು ಅಂತ ಗೊತ್ತಾದರೆ ಮುಗಿಯಿತು. ಇಲ್ಲಿ ನಡೆಯುವ ಘಟನೆ ಸಣ್ಣದು, ಬದಲಾಗುವುದು ಮನಸ್ಸು. ಸಂಕೋಚ, ಅಳುಕು, ಹಿಂಜರಿಕೆ, ಮುನಿಸು, ಪಶ್ಚಾತ್ತಾಪ ಎಂಬ ಹೆಸರುಗಳೇ ಮಗುವಿನ ಬಳಿ ಇಲ್ಲದಿದ್ದರೆ ಅದು ಘಟನೆಗಳನ್ನು ಚಾಚೂ ತಪ್ಪದೆ ಒಪ್ಪಿಸುತ್ತದೆ, ಕಥೆ ಮಾತ್ರ ಕೈಗೆ ಸಿಕ್ಕಿರುವುದಿಲ್ಲ. ಆದ್ದರಿಂದ ಸೋಮವಾರ ಪದದ ಪಾಠ, ಮಂಗಳವಾರ ಪ್ರಶ್ನೋತ್ತರ ಎಂದು ಎರಡನ್ನೂ ಬೇರೆ ಬೇರೆ ಪಿರಿಯಡ್ಡಿಗೆ ಹಂಚುವ ಕ್ರಮ ಈ ಬಗೆಯ ಕಥೆಗೆ ಒಗ್ಗುವುದಿಲ್ಲ. ಕೆಳಗಿನ ಹೋಲಿಕೆಗಳಲ್ಲಿ ನಾನು ಹಿಡಿದಿರುವ ಅಳತೆಗೋಲು ಇದೊಂದೇ: ಯಾವ ದಾರಿಯಲ್ಲಿ ಹೋದರೆ ಪದ ಮತ್ತು ಪಾತ್ರದ ಮನಸ್ಸು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ?

ಪುಸ್ತಕ ಯಾವುದು

ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರದ್ದು. ಮೂಲ ಇಂಗ್ಲಿಷಾದರೂ ಕನ್ನಡದಲ್ಲಿ ಓದಬಹುದು. ತೆತ್ಸುಕೊ ಕುರೊಯಾನಗಿ ತಮ್ಮ ಶಾಲಾದಿನಗಳನ್ನೇ ಬರೆದ ‘ತೊತ್ತೋಚಾನ್’ 1981ರ ಜಪಾನಿ ಪುಸ್ತಕ. ಅದೂ ಕನ್ನಡಕ್ಕೆ ಬಂದು, ನಮ್ಮ ಶಿಕ್ಷಕರ ನಡುವೆ ಚೆನ್ನಾಗಿಯೇ ಓಡಾಡಿದೆ. ಎರಡರಲ್ಲೂ ಶಾಲೆ ಇದೆ, ತುಂಟತನ ಇದೆ, ಕೊನೆಯಲ್ಲಿ ಒಂದು ಅಗಲಿಕೆ ಇದೆ. ತರಗತಿಗೆ ತಂದಾಗ ಮಾತ್ರ ಇವು ನಡೆದುಕೊಳ್ಳುವ ರೀತಿಯೇ ಬೇರೆ.

‘ತೊತ್ತೋಚಾನ್’ ಬಿಡಿ ಬಿಡಿ ಅಧ್ಯಾಯಗಳ ಪುಸ್ತಕ, ಹೆಚ್ಚಿನವು ಕೆಲವೇ ಪುಟದವು. ರೈಲುಡಬ್ಬಿಯ ತರಗತಿ ಒಂದು ದಿನ, ಮುಖ್ಯೋಪಾಧ್ಯಾಯ ಕೊಬಯಾಶಿ ತೊತ್ತೋಚಾನ್ ಎಂಬ ಆ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೂತು ಕೇಳಿದ್ದು ಇನ್ನೊಂದು ದಿನ. ನಡುವೆ ಜ್ವರ ಬಂದು ವಾರ ರಜೆ ಹಾಕಿದ ಮಗು ವಾಪಸ್ ಬಂದರೂ ಎಳೆ ತಪ್ಪುವುದಿಲ್ಲ. ಹಾಜರಾತಿ ಏರುಪೇರಾಗುವ ಶಾಲೆಗಳಲ್ಲಿ ಇದು ಸಣ್ಣ ಅನುಕೂಲವೇನಲ್ಲ. ವಾಕ್ಯಗಳೂ ಸರಳ. ಮೇಲಿಂದ, ಓದುಗರಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದ ಸಂಗತಿಗಳು ಇದರಲ್ಲಿ ಧಾರಾಳ: ಹಳೆಯ ಶಾಲೆಯಿಂದ ತನ್ನನ್ನು ಹೊರಹಾಕಿದ್ದಾರೆ ಎನ್ನುವುದು ಆ ಹುಡುಗಿಗೆ ತಿಳಿಯುವುದು ಅವಳಿಗೆ ಇಪ್ಪತ್ತು ವಯಸ್ಸು ದಾಟಿದ ಮೇಲೆ. ಅಮ್ಮ ಯಾಕೆ ಹೇಳಲಿಲ್ಲ? ಐದನೇ ತರಗತಿಯ ಮಕ್ಕಳನ್ನು ಸಾಲುಗಳ ನಡುವೆ ಓದಲು ಹಚ್ಚುವುದಕ್ಕೆ ಇಷ್ಟು ಸಾಕು.

‘ಸ್ವಾಮಿ’ ಹಾಗಲ್ಲ, ಅದರಲ್ಲಿ ಒಂದು ಘಟನೆಯ ಹೆಗಲ ಮೇಲೆ ಇನ್ನೊಂದು ನಿಂತಿರುತ್ತದೆ. ಪೊಲೀಸ್ ಸೂಪರಿಂಟೆಂಡೆಂಟರ ಮಗ ರಾಜಂ ಜೊತೆಗಿನ ಗೆಳೆತನ, ಹರತಾಳದ ಗಲಾಟೆ, ಶಾಲೆ ಬದಲಾಗುವುದು, ಕ್ರಿಕೆಟ್ ತಂಡ, ಮನೆಬಿಟ್ಟು ಓಡುವುದು, ಪಂದ್ಯ ತಪ್ಪಿಹೋಗುವುದು. ನಡುವಿನ ಮೂರು ಅಧ್ಯಾಯ ಬಿಟ್ಟ ಮಗುವಿಗೆ ಕೊನೆಯದು ಮುಟ್ಟುವುದೇ ಇಲ್ಲ. ಮುಟ್ಟಿದವರಿಗೆ ಸಿಗುವುದು ಮಾತ್ರ ಅಪರೂಪದ್ದು. ಊರು ಬಿಟ್ಟು ಹೊರಟ ರಾಜಂಗೆ ಕೊಡಲು ಸ್ವಾಮಿ ಪುಸ್ತಕ ಹಿಡಿದು ಸ್ಟೇಷನ್ನಿಗೆ ಬರುತ್ತಾನೆ, ರೈಲು ಹೊರಟೂಬಿಡುತ್ತದೆ. ರಾಜಂ ಕ್ಷಮಿಸಿದನೋ ಇಲ್ಲವೋ? ಜೊತೆಗಿದ್ದ ಗೆಳೆಯ ಮಣಿಯ ಸಮಾಧಾನದ ಮಾತನ್ನು ನಂಬಬಹುದೋ? ಪುಸ್ತಕ ಉತ್ತರ ಕೊಡುವುದಿಲ್ಲ. ಏಳು, ಎಂಟನೇ ತರಗತಿಯವರು ಈ ಒಂದು ಪುಟದ ಮೇಲೆ ಇಡೀ ಪಿರಿಯಡ್ ಜಗಳವಾಡಬಲ್ಲರು.

ಮೂರನೆಯ ದಾರಿ ಸಣ್ಣ ಕಥೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ನಾಲ್ಕು ಓದಿನ ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಂಡು ಹಂಚಬಹುದು. ಓದು ಇನ್ನೂ ತಡವರಿಸುತ್ತಿರುವ ಮಕ್ಕಳಿಗೆ ಇದೇ ಸರಿ. ಆದರೆ ಹದಿನೈದು ಪುಟದಲ್ಲಿ ಒಂದು ಮಗು ಬೆಳೆದದ್ದನ್ನು ತೋರಿಸುವುದು ಕಷ್ಟ. ಅಲ್ಲಿ ಸಿಗುವುದು ಬಹುಮಟ್ಟಿಗೆ ಒಂದು ತಿರುವು, ಒಂದು ನಿರ್ಧಾರ.

ನನ್ನನ್ನು ಕೇಳಿದರೆ ಐದು-ಆರಕ್ಕೆ ‘ತೊತ್ತೋಚಾನ್’, ಏಳು-ಎಂಟಕ್ಕೆ ‘ಸ್ವಾಮಿ’. ಕಾದಂಬರಿಯಿಂದ ಒಂದೇ ಅಧ್ಯಾಯ ಕಿತ್ತು ಪಾಠ ಮಾಡುವ ಪಠ್ಯಪುಸ್ತಕದ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಒಂದೇ ಅಧ್ಯಾಯ ಓದಿದವನಿಗೆ ಸ್ವಾಮಿ ತುಂಟ ಹುಡುಗ, ಅಷ್ಟೇ.

ಪುಸ್ತಕದ ಮಟ್ಟ ನೋಡಲು ಹಳೆಯ ಐದು ಬೆರಳಿನ ಪರೀಕ್ಷೆ ಇದೆ: ಒಂದು ಪುಟ ಓದುವಾಗ ಗೊತ್ತಿಲ್ಲದ ಪ್ರತಿ ಪದಕ್ಕೂ ಒಂದು ಬೆರಳು ಮಡಚುವುದು, ಐದೂ ಮಡಚಿದರೆ ಆ ಪುಸ್ತಕ ಒಬ್ಬರೇ ಓದುವಂಥದ್ದಲ್ಲ. ಕನ್ನಡದಲ್ಲಿ ಇದನ್ನು ಸ್ವಲ್ಪ ಹುಷಾರಾಗಿ ಬಳಸಬೇಕು. ಮಗು ಎಡವಿದ್ದು ಅರ್ಥ ಗೊತ್ತಿಲ್ಲದ್ದಕ್ಕೋ, ಒತ್ತಕ್ಷರ ಓದಲು ಬಾರದ್ದಕ್ಕೋ ಎಂದು ಮೊದಲು ನೋಡಿ. ಕನ್ನಡ ಮಕ್ಕಳ ಅಕ್ಷರಕಲಿಕೆಯ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಮ್ಮ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತಲೇ ಇರುತ್ತದೆ. ‘ಪಶ್ಚಾತ್ತಾಪ’ ಎಂದು ನೀವೇ ಬಾಯಲ್ಲಿ ಹೇಳಿ, ಮಗುವಿಗೆ ಅರ್ಥ ಹೊಳೆಯಿತಾ ನೋಡಿ. ಹೊಳೆದರೆ ತೊಡಕಿರುವುದು ಅಕ್ಷರದಲ್ಲಿ.

ಒಂದು ತುಣುಕು

ಮುಂದಿನ ಹೋಲಿಕೆಗೆ ಕೈಯಲ್ಲಿ ಏನಾದರೂ ಇರಲಿ ಎಂದು, ಮಾದರಿಗಾಗಿಯೇ ಬರೆದ ಕೆಲವು ಸಾಲು:

*ಅಪ್ಪನ ಕಾಲು ಮುರಿದ ಮೇಲೆ ಡೇರಿಗೆ ಹಾಲು ಹಾಕುವ ಕೆಲಸ ಗೌರಿಯ ಪಾಲಿಗೆ ಬಂತು. ಮೊದಲ ದಿನ ಸಾಲಿನಲ್ಲಿ ನಿಂತಾಗ ಅವಳಿಗೆ ಎಲ್ಲಿಲ್ಲದ ಸಂಕೋಚ. “ಏನವ್ವಾ, ಈಗ ನೀನೇ ಯಜಮಾನಿನಾ?” ಎಂದು ಹಿಂದಿದ್ದ ಸಿದ್ದಣ್ಣ ಮಾವ ನಕ್ಕಾಗ ಕ್ಯಾನಿನ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಪುಸ್ತಕದಲ್ಲಿ ಬರೆದುಕೊಟ್ಟ ಲೀಟರು ಮನೆಯಲ್ಲಿ ಅಳೆದಿದ್ದಕ್ಕಿಂತ ಕಡಿಮೆ ಇತ್ತು. ಕೇಳಲೋ ಬೇಡವೋ ಎಂದು ಹಿಂಜರಿದಳು. ಅಷ್ಟರಲ್ಲಿ ಹಿಂದಿನವರು ಮುಂದೆ ಬಂದರು. “ಎಲ್ಲಾ ಸರಿಹೋಯ್ತಾ ಮಗಾ?” ಅಂದ ಅಪ್ಪನಿಗೆ “ಹೂಂ” ಅಂದಳು. ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಅಮ್ಮ ಕರೆಯುವ ಮೊದಲೇ ಎದ್ದು ಕೊಟ್ಟಿಗೆಗೆ ಹೋದಳು. ಹಾಲಿನ ಜೊತೆ ಅಳತೆಯ ಲೋಟವನ್ನೂ ಚೀಲಕ್ಕೆ ಹಾಕಿಕೊಂಡಳು.*

ಯಾವ ಪದ, ಎಷ್ಟು ಪದ

ಗೈಡುಗಳಂತೆ ಕಠಿಣ ಎನಿಸಿದ್ದನ್ನೆಲ್ಲ ಪಟ್ಟಿ ಮಾಡುವುದು ಒಂದು ಕ್ರಮ. ಇನ್ನೊಂದು, ಓದಿನ ಕಲಿಕೆಯ ಸಂಶೋಧಕಿ ಇಸಾಬೆಲ್ ಬೆಕ್ ಮತ್ತು ಸಂಗಡಿಗರು ರೂಢಿಗೆ ತಂದ ಮೂರು ಸ್ತರಗಳ ವಿಂಗಡಣೆ: ದಿನಬಳಕೆಯ ಪದಗಳು ಮೊದಲನೆಯದು, ಹಲವು ಕಡೆ ಓದಿನಲ್ಲಿ ಎದುರಾಗುವ ಬರಹದ ಪದಗಳು ಎರಡನೆಯದು, ಒಂದು ವಿಷಯಕ್ಕೇ ಸೀಮಿತವಾದವು ಮೂರನೆಯದು. ಪಾಠದ ಹೊತ್ತು ಎರಡನೆಯದಕ್ಕೆ ಸಲ್ಲಬೇಕು ಎನ್ನುವುದು ಅವರ ವಾದ.

ನಮ್ಮ ತುಣುಕಿನಲ್ಲಿ ‘ಹಾಲು’, ‘ಸಾಲು’ ಮೊದಲ ಸ್ತರ. ‘ಸಂಕೋಚ’, ‘ಹಿಂಜರಿ’ ಎರಡನೆಯದು. ‘ಕೊಟ್ಟಿಗೆ’? ಹಳ್ಳಿಯ ಮಗುವಿಗೆ ಅದು ಮೊದಲನೆಯದು, ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗೆ ಮೂರನೆಯದು. ಕರಾವಳಿಯ ಕೆಲವೆಡೆ ದನ ಕಟ್ಟುವ ಜಾಗಕ್ಕೆ ಹಟ್ಟಿ ಅನ್ನುತ್ತಾರೆ, ಚಿತ್ರದುರ್ಗದ ಕಡೆ ಹಟ್ಟಿ ಅಂದರೆ ಜನ ವಾಸಿಸುವ ಕೇರಿ. ಇಂಥ ಪದಕ್ಕೆ ಚಿತ್ರ ತೋರಿಸಿ, ಅಥವಾ ‘ನಿಮ್ಮಲ್ಲಿ ಏನಂತಾರೆ?’ ಎಂದು ಕೇಳಿ ಮುಂದೆ ಹೋಗಿ. ಅಲ್ಲಿ ಹೊತ್ತು ಕಳೆದರೆ ಗೌರಿ ಡೇರಿಯಲ್ಲೇ ನಿಂತಿರುತ್ತಾಳೆ.

ಗೈಡಿನ ಪಟ್ಟಿ ಬಿಟ್ಟುಬಿಡುವ ಇನ್ನೊಂದು ಜಾತಿಯಿದೆ: ಒಂದೊಂದು ಪದವೂ ಗೊತ್ತಿದ್ದು, ಕೂಡಿದಾಗ ಗೊತ್ತಾಗದ ನುಡಿಗಟ್ಟು. ‘ಪಾಲಿಗೆ ಬಂತು’, ‘ಎಲ್ಲಿಲ್ಲದ’, ‘ನಿದ್ದೆ ಹತ್ತಲಿಲ್ಲ’. ‘ಹತ್ತಲಿಲ್ಲ’ ಎಂದೊಡನೆ ಮರ ಹತ್ತುವುದನ್ನು ನೆನೆಯುವ ಇಂಗ್ಲಿಷ್ ಮಾಧ್ಯಮದ ಮಕ್ಕಳು ಈಗ ಅಪರೂಪವಲ್ಲ. ಅಧ್ಯಾಯಕ್ಕೆ ಐದಾರು ಪದ, ಒಂದೆರಡು ನುಡಿಗಟ್ಟು. ಇದಕ್ಕಿಂತ ಹೆಚ್ಚು ಬೇಡ, ಅದರಲ್ಲಿ ಅರ್ಧವಾದರೂ ಮನಸ್ಸಿಗೆ ಸಂಬಂಧಿಸಿದವಾಗಿರಲಿ.

ನಿಘಂಟು ಕೊಟ್ಟು ಬಿಡುವುದು ಕೇಳಲು ಚೆನ್ನ. ಆದರೆ ‘ಹಿಂಜರಿದಳು’ ಯಾವ ನಿಘಂಟಿನಲ್ಲೂ ಆ ರೂಪದಲ್ಲಿ ಇರುವುದಿಲ್ಲ. ಹಿಂಜರಿದಳು, ಹಿಂಜರಿಯದೆ, ಹಿಂಜರಿಕೆ ಮೂರನ್ನೂ ಬೋರ್ಡಿನ ಮೇಲೆ ಸಾಲಾಗಿ ಬರೆದು ಎಲ್ಲದರಲ್ಲೂ ಉಳಿದಿರುವ ಭಾಗಕ್ಕೆ ಗೆರೆ ಎಳೆಸಿ. ಅದಾದ ಮೇಲೆ ನಿಘಂಟು ಕೈಗೆ ಕೊಟ್ಟರೆ ಪ್ರಯೋಜನ.

ಮೊದಲೇ, ನಡುವೆ, ಆಮೇಲೆ

ಓದುವ ಮೊದಲೇ ಪದಗಳ ಅರ್ಥ ಬರೆಸುವುದು ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರಮ. ಓದು ಸಲೀಸಾಗಿ ಸಾಗುತ್ತದೆ ಎನ್ನುವುದು ಇದರ ಲಾಭ. ನಷ್ಟ ಎರಡು. ‘ಸಂಕೋಚ = ನಾಚಿಕೆ’ ಎಂದು ಬರೆದುಕೊಂಡ ಮಗು ಗೌರಿಗೆ ನಾಚಿಕೆಯಾಯಿತು ಎಂದೇ ತಿಳಿಯುತ್ತದೆ, ಗಂಡಸರ ಸಾಲಿನಲ್ಲಿ ದೊಡ್ಡವರ ಕೆಲಸಕ್ಕೆ ನಿಂತ ಇರುಸುಮುರುಸು ಅದರಲ್ಲಿ ಬರುವುದಿಲ್ಲ. ಎರಡನೆಯದಾಗಿ, ಪಟ್ಟಿಯೇ ಕಥೆಯ ಗುಟ್ಟು ಬಿಟ್ಟುಕೊಡುತ್ತದೆ. ಪಶ್ಚಾತ್ತಾಪ, ಕ್ಷಮೆ, ಅಗಲಿಕೆ ಎಂದು ಬೋರ್ಡಿನ ಮೇಲೆ ಬರೆದ ಮೇಲೆ ಓದುವುದಕ್ಕೆ ಏನು ಉಳಿಯಿತು?

ಏನೂ ಹೇಳದೆ ಸಂದರ್ಭದಿಂದಲೇ ಊಹಿಸಲಿ ಎನ್ನುವವರು ಇನ್ನೊಂದು ತುದಿಯಲ್ಲಿದ್ದಾರೆ. ಊಹೆ ಬೇಕು, ಆದರೆ ಅದೊಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ಹಲವು ಪ್ರಯೋಗಗಳ ಫಲಿತಾಂಶ ಒಟ್ಟುಹಾಕಿ 1999ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಸುಮ್ಮನೆ ಓದುವಾಗ ಎದುರಾದ ಗೊತ್ತಿಲ್ಲದ ಪದಗಳಲ್ಲಿ ಮಕ್ಕಳು ಕಲಿತದ್ದು ಸುಮಾರು ಶೇ. 15 ಮಾತ್ರ. ವರ್ಷವಿಡೀ ಓದುವ ಮಗುವಿಗೆ ಅದೇ ದೊಡ್ಡ ಗಂಟು. ವರ್ಷಕ್ಕೊಂದು ಪುಸ್ತಕ ಓದುವ ಮಗುವಿಗೆ ಅಲ್ಲ.

ಹೀಗೆ ಬೆರೆಸಿದರೆ ಚೆನ್ನಾಗಿ ನಡೆಯುತ್ತದೆ. ಕೊಟ್ಟಿಗೆ, ಡೇರಿ, ಹರತಾಳದಂಥ ವಸ್ತು-ಸನ್ನಿವೇಶದ ಪದಗಳನ್ನು ಓದುವ ಮೊದಲು ಎರಡು ನಿಮಿಷದಲ್ಲಿ ಮುಗಿಸಿ. ಓದುವಾಗ ತಡೆಯಾಗುವ ಪದಕ್ಕೆ ನಿಲ್ಲದೆಯೇ ಪಕ್ಕದಲ್ಲಿ ಸುಲಭದ ಮಾತೊಂದನ್ನು ಸೇರಿಸಿ ಓದಿಬಿಡಿ: “ಹಿಂಜರಿದಳು, ಕೇಳೋಕೆ ಮನಸ್ಸು ಹಿಂದೆ ಮುಂದೆ ನೋಡ್ತು.” ಸಂಕೋಚ, ಹಿಂಜರಿಕೆಗಳ ಪೂರ್ತಿ ಪಾಠ ಕಥೆ ಮುಗಿದ ಮೇಲೆ, ಗೌರಿಯನ್ನು ಮುಂದಿಟ್ಟುಕೊಂಡೇ. ಸಂಕೋಚ ಅವಳಿಗೆ ಯಾವಾಗ ಶುರುವಾಯಿತು? ಹಿಂಜರಿಕೆ ಯಾವಾಗ? ಎರಡೂ ಒಂದೇ ಆಗಿದ್ದರೆ ಎರಡು ಪದ ಯಾಕೆ ಬೇಕಿತ್ತು? ‘ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿ’ ಎಂದು ಬಿಟ್ಟರೆ ‘ನನಗೆ ಸಂಕೋಚ ಆಯಿತು’ ಎಂಬ ವಾಕ್ಯ ನಲವತ್ತು ನೋಟ್‌ಬುಕ್ಕಿನಲ್ಲಿ ಬರುತ್ತದೆ. ಅದರ ಬದಲು ‘ನೆಂಟರ ಮನೆಯಲ್ಲಿ ಇನ್ನೊಂದು ಹೋಳಿಗೆ ಕೇಳಲು ಸಂಕೋಚ ಆಗುತ್ತದೆ, ಯಾಕೆಂದರೆ...’ ಎಂದು ಅರ್ಧ ಕೊಟ್ಟು ನೋಡಿ.

ಯಾರು ಓದಬೇಕು

ಸರದಿಯ ಮೇಲೆ ಒಬ್ಬೊಬ್ಬರು ಎದ್ದು ಒಂದೊಂದು ಪ್ಯಾರಾ ಓದುವುದನ್ನು ಕಥೆಗೆ ಮಾತ್ರ ದಯವಿಟ್ಟು ಬಳಸಬೇಡಿ. ಓದುವವನಿಗೆ ಭಯ, ಉಳಿದವರು ತಮ್ಮ ಪ್ಯಾರಾ ಯಾವುದೆಂದು ಎಣಿಸುತ್ತಿರುತ್ತಾರೆ. ಕಥೆ ಯಾರ ಕಿವಿಗೂ ಬೀಳುವುದಿಲ್ಲ.

ಟೀಚರೇ ಗಟ್ಟಿಯಾಗಿ ಓದುವುದು ಚಿಕ್ಕ ಮಕ್ಕಳಿಗೆ ಮಾತ್ರ ಎಂಬ ಭಾವನೆ ಇದೆ. ಹಾಗೇನಿಲ್ಲ. ಎಂಟನೆಯವರೂ ಕೇಳುತ್ತಾರೆ, ಕಣ್ಣು ಪುಸ್ತಕದ ಮೇಲಿರಲಿ, ಅಷ್ಟೇ. ಸಿದ್ದಣ್ಣ ಮಾವನ ಮಾತನ್ನು ಲೇವಡಿಯ ದನಿಯಲ್ಲಿ ಒಮ್ಮೆ, ಪ್ರೀತಿಯ ದನಿಯಲ್ಲಿ ಒಮ್ಮೆ ಓದಿ, ಯಾವುದು ಸರಿ ಎಂದು ಕೇಳಿ. ಉತ್ತರ ಹುಡುಕಲು ಮಕ್ಕಳು ತಾವಾಗಿಯೇ ಹಿಂದಿನ ಸಾಲಿಗೆ ಹೋಗುತ್ತಾರೆ. ಮೌನ ವಾಚನದಲ್ಲಿ ಇದು ಸಾಧ್ಯವಿಲ್ಲ. ಮೌನ ವಾಚನ ಚೆನ್ನಾಗಿ ಓದುವವರಿಗೆ ವೇಗ ಕೊಡುತ್ತದೆ, ಓದಲು ಬಾರದವರಿಗೆ ಓದಿದಂತೆ ನಟಿಸುವ ಅವಕಾಶವನ್ನೂ ಕೊಡುತ್ತದೆ.

ಗುಂಪಿನಲ್ಲಿ ಓದಿಸುವುದಾದರೆ ಸಂಶೋಧಕಿಯರಾದ ಪಾಲಿನ್ಸರ್ ಮತ್ತು ಬ್ರೌನ್ 1984ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಗಟ್ಟಿ. ಮುಂದೇನಾಗಬಹುದು ಎಂದು ಊಹಿಸುವುದು, ಪ್ರಶ್ನೆ ಕೇಳುವುದು, ಗೊತ್ತಾಗದ್ದನ್ನು ಬಿಡಿಸಿಕೊಳ್ಳುವುದು, ಅಲ್ಲಿವರೆಗಿನದನ್ನು ಚಿಕ್ಕದಾಗಿ ಹೇಳುವುದು. ಈ ನಾಲ್ಕನ್ನೂ ಮೊದಲು ಟೀಚರು ಮಾಡಿ ತೋರಿಸಬೇಕು, ಆಮೇಲೆ ಒಂದೊಂದಾಗಿ ಮಕ್ಕಳಿಗೆ ಬಿಟ್ಟುಕೊಡಬೇಕು. ಮೊದಲ ದಿನವೇ ನಾಲ್ಕು ಚೀಟಿ ಹಂಚಿ ಕೂತರೆ ಗದ್ದಲ ಗ್ಯಾರಂಟಿ. ನಲವತ್ತು ಮಕ್ಕಳ ತರಗತಿಯಲ್ಲಿ ಎಂಟು-ಹತ್ತು ಗುಂಪು ಸಂಭಾಳಿಸುವುದು ಒಬ್ಬರಿಗೆ ಕಷ್ಟ, ಅಲ್ಲಿ ಜೋಡಿ ಓದೇ ವಾಸಿ. ಇಪ್ಪತ್ತರ ಒಳಗಿದ್ದರೆ ಗುಂಪು ಮಾಡಿ.

ಅರ್ಥವಾಯಿತೋ ಇಲ್ಲವೋ

‘ಒಂದು ವಾಕ್ಯದಲ್ಲಿ ಉತ್ತರಿಸಿ’ ಪ್ರಶ್ನೆಗಳಿಗೆ ಅರ್ಥವಾಗದೆಯೂ ಉತ್ತರ ಬರೆಯಬಹುದು. ‘ಗೌರಿಯ ಪಾಲಿಗೆ ಯಾವ ಕೆಲಸ ಬಂತು?’ ಎಂದರೆ ಮಗು ‘ಪಾಲಿಗೆ’ ಎಂಬ ಪದವನ್ನು ತುಣುಕಿನಲ್ಲಿ ಹುಡುಕಿ ಆ ವಾಕ್ಯ ಇಳಿಸುತ್ತದೆ. ಬೇಕಾದರೆ ಒಂದೆರಡು ಇರಲಿ, ಹಿಂಜರಿಯುವ ಮಕ್ಕಳಿಗೆ ಧೈರ್ಯ ಬರುತ್ತದೆ.

ನಮ್ಮದೇ ಪರೀಕ್ಷೆಯ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಇದಕ್ಕಿಂತ ಎಷ್ಟೋ ಒಳ್ಳೆಯ ಸಾಧನ. ಗೈಡುಗಳು ಅದನ್ನು ‘ಈ ವಾಕ್ಯವನ್ನು ಇಂಥ ಪಾಠದಿಂದ ಆರಿಸಲಾಗಿದೆ’ ಎಂಬ ಸಿದ್ಧ ಅಚ್ಚಿಗೆ ಇಳಿಸಿ ಕೆಡಿಸಿವೆ. ಅಚ್ಚನ್ನು ಬಿಟ್ಟು ಒಂದೇ ಒಂದು ಮಾತನ್ನು ಕೊಡಿ: “ಹೂಂ”. ಯಾರು, ಯಾರಿಗೆ, ಯಾವಾಗ ಹೇಳಿದರು ಎನ್ನುವುದು ಅರ್ಧ ನಿಮಿಷದ ಕೆಲಸ. ನಿಜವಾದ ಪ್ರಶ್ನೆ, ಗೌರಿ ಸುಳ್ಳು ಹೇಳಿದಳೋ? ಅಪ್ಪನಿಗೆ ನೋವಾಗಬಾರದೆಂದೋ, ತನ್ನ ಕೈಲಿ ಆಗಲಿಲ್ಲ ಎಂದು ಒಪ್ಪಿಕೊಳ್ಳಲು ಮನಸ್ಸು ಬಾರದೆಯೋ? ಎರಡಕ್ಕೂ ತುಣುಕಿನಲ್ಲಿ ಆಧಾರ ಇದೆ. ‘ಯಾವ ಸಾಲು ನೋಡಿ ಹಾಗೆ ಹೇಳ್ತೀಯ?’ ಎಂಬ ಮರುಪ್ರಶ್ನೆ ತಪ್ಪದೆ ಕೇಳಿ, ಇಲ್ಲದಿದ್ದರೆ ಚರ್ಚೆ ಕಥೆ ಬಿಟ್ಟು ಸುಳ್ಳು ಹೇಳಬಾರದು ಎಂಬ ಉಪದೇಶಕ್ಕೆ ಜಾರುತ್ತದೆ. ಬೆಳೆಯುವ ಮಕ್ಕಳ ಕಥೆಗೆ ‘ನೀತಿ ಏನು?’ ಎಂದು ಕೇಳುವುದು ಅದನ್ನು ಪಂಚತಂತ್ರದ ಹಾಗೆ ಓದಿಸಿದಂತೆ.

ಅಳತೆಯ ಲೋಟದ ಬಗ್ಗೆ ಬೇರೆಯೇ ಬಗೆಯ ಪ್ರಶ್ನೆ ಹುಟ್ಟುತ್ತದೆ. ಗೌರಿ ಏನು ಮಾಡಲು ಹೊರಟಿದ್ದಾಳೆ ಎಂದು ಎಲ್ಲೂ ಬರೆದಿಲ್ಲ. ‘ಲೋಟ ಯಾಕೆ?’ ಎಂಬುದಕ್ಕೆ ‘ಹಾಲು ಕುಡಿಯೋಕೆ’ ಎಂಬ ಉತ್ತರ ಬಂದರೆ ಆ ಮಗುವಿಗೆ ಲೀಟರಿನ ಸಾಲು ದಾಟಿಹೋಗಿದೆ ಎಂದು ತಿಳಿಯಿರಿ. ಆ ಸಾಲಿಗೆ ವಾಪಸ್ ಕರೆದುಕೊಂಡು ಹೋಗಿ, ಉತ್ತರವನ್ನು ನೀವು ಹೇಳಬೇಡಿ.

ಕಥೆಯನ್ನು ತನ್ನ ಮಾತಿನಲ್ಲಿ ಹೇಳಿಸುವುದು ಬರೆಯಲು ತಡಕಾಡುವ ಮಕ್ಕಳ ಗ್ರಹಿಕೆ ನೋಡಲು ಒಳ್ಳೆಯದು, ಆಡುಮಾತಿನಲ್ಲೇ ಹೇಳಲಿ. ಪಾತ್ರದ ದಿನಚರಿ ಬರೆಸುವುದು ಈಗ ಬಹಳ ಜನಪ್ರಿಯ. ಅದಕ್ಕೆ ಒಂದು ಕಟ್ಟುಪಾಡು ಹಾಕದಿದ್ದರೆ ‘ಇಂದು ನನಗೆ ಬೇಜಾರಾಯಿತು’ ಮಟ್ಟದಲ್ಲೇ ನಿಲ್ಲುತ್ತದೆ. ಆ ಅಧ್ಯಾಯದಲ್ಲಿ ಕಲಿತ ಎರಡು ಮನಸ್ಸಿನ ಪದ ಅದರಲ್ಲಿ ಬರಲೇಬೇಕು, ಆದರೆ ಗೌರಿಯ ಬದಲು ಸಿದ್ದಣ್ಣನೋ ಅಪ್ಪನೋ ಬರೆದಂತೆ ಇರಬೇಕು ಎನ್ನಿ. ಶಾಲೆಯ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೂ ಇದನ್ನೇ ಇಟ್ಟುಕೊಳ್ಳಬಹುದು.

ಮಾತು ಬರುತ್ತದೆ, ಓದು ಬಾರದು

ಹೊರರಾಜ್ಯ, ಹೊರದೇಶದ ಕನ್ನಡ ಮನೆಗಳ ಮಕ್ಕಳಿಗೆ ಲೆಕ್ಕ ತಿರುಗುಮುರುಗು. ಮನೆಮಾತು ಚೆನ್ನಾಗಿ ಅರ್ಥವಾಗುತ್ತದೆ, ಅಕ್ಷರ ನಿಧಾನ, ಬರಹದ ಪದ ತೀರಾ ಕಡಿಮೆ. ಹನ್ನೆರಡು ವರ್ಷದವರಿಗೆ ಆರು ವರ್ಷದವರ ಕಥೆ ಕೊಟ್ಟರೆ ಅವಮಾನವಾಗುತ್ತದೆ. ಪುಸ್ತಕ ವಯಸ್ಸಿಗೆ ತಕ್ಕದ್ದೇ ಇರಲಿ, ಓದುವುದು ದೊಡ್ಡವರು, ಮಗು ಸಂಭಾಷಣೆಯ ಸಾಲುಗಳನ್ನು ಮಾತ್ರ ಓದಲಿ. ಅವು ಆಡುಮಾತಿಗೆ ಹತ್ತಿರ, ಚಿಕ್ಕವು. ಅಜ್ಜಿ-ತಾತ ವಿಡಿಯೋ ಕರೆಯಲ್ಲಿ ಓದಿ ಹೇಳುವುದಾದರೆ ಇನ್ನೂ ಒಳ್ಳೆಯದು, ಅದೇ ಪುಸ್ತಕದ ಇನ್ನೊಂದು ಪ್ರತಿ ಮಗುವಿನ ಕೈಯಲ್ಲಿರಲಿ.

ಸ್ವಾಮಿಯನ್ನು ಆರಿಸಿಕೊಂಡವರಿಗೆ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಆಸೆ ಬರುವುದು ಸಹಜ. ಓದುವ ಮೊದಲೇ ತೋರಿಸಿದರೆ ಸ್ವಾಮಿಗೆ ಮಾಸ್ಟರ್ ಮಂಜುನಾಥ್ ಮುಖ ಅಂಟಿಬಿಡುತ್ತದೆ, ಮುಖಭಾವ ನೋಡಿ ಮನಸ್ಸು ತಿಳಿದ ಮಕ್ಕಳು ಪುಟದಲ್ಲಿ ಅದನ್ನು ಹುಡುಕುವುದಿಲ್ಲ. ಒಂದು ಘಟ್ಟ ಓದಿ ಮುಗಿಸಿದ ಮೇಲೆ ಅದೇ ಭಾಗವನ್ನು ಶಬ್ದ ನಿಲ್ಲಿಸಿ ತೋರಿಸಿ, ಈ ಹೊತ್ತಿನಲ್ಲಿ ಅವನಿಗಿರುವುದು ಅಳುಕೋ, ಮುನಿಸೋ, ಹಿಂಜರಿಕೆಯೋ ಎಂದು ಕೇಳಿ. ಉತ್ತರದ ಜೊತೆ ಪುಟದ ಸಂಖ್ಯೆಯನ್ನೂ ಹೇಳಲಿ.